1918ರ ಕೋಲ್ಟ್ ಪಿಸ್ತೂಲಿಗೆ ಹೊಸ ಹೊಳಪು: ಅರ್ಧಕ್ಕಿಂತ ಹೆಚ್ಚು ಬೆಲೆ ಹೋದದ್ದು ಎಲ್ಲಿ?

ಕೋಲ್ಟ್ ಕಂಪನಿಯ ಮಾಡೆಲ್ 1911 ಪಿಸ್ತೂಲು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ 1918ರ ಕೊನೆಯ ತಿಂಗಳುಗಳಲ್ಲಿ ತಯಾರಾದದ್ದು, ಕ್ರಮಸಂಖ್ಯೆ ಐದು ಲಕ್ಷ ದಾಟಿದೆ. ಸೇನೆಗೆಂದು ಮಾಡಿದ ಸರಕು. ಯುದ್ಧ ಮುಗಿದ ಮೇಲೆ ಒಂದು ಮನೆ ಸೇರಿ, ಮೂರು ತಲೆಮಾರು ಚರ್ಮದ ಒರೆಯೊಳಗೆ ಮೇಜಿನ ಖಾನೆಯಲ್ಲಿ ಮಲಗಿತ್ತು. ವಾರಸುದಾರರ ಕೈಗೆ ಬರುವ ಹೊತ್ತಿಗೆ ಅದರ ಕಪ್ಪು ಅಲ್ಲಲ್ಲಿ ಚಕ್ಕೆಯೆದ್ದು ಹೋಗಿತ್ತು, ಬಲಬದಿಯಲ್ಲಿ ತುಕ್ಕಿನ ಚುಕ್ಕೆಗಳಿದ್ದವು. ಮುತ್ತಜ್ಜನ ನೆನಪು ಚೆನ್ನಾಗಿ ಕಾಣಲಿ ಎಂದು ಅದನ್ನು ಹತ್ತಿರದ ಬಂದೂಕು ರಿಪೇರಿ ಅಂಗಡಿಗೆ ಕೊಟ್ಟರು. ಮೂರು ವಾರ, 250 ಡಾಲರ್. ವಾಪಸ್ ಬಂದಾಗ ಮುಖ ನೋಡಿಕೊಳ್ಳುವಷ್ಟು ಹೊಳಪು. ಆಮೇಲೆ ವಿಮೆಗಾಗಿ ಬೆಲೆ ಕಟ್ಟಿಸಿದರೆ ಬಂದ ಅಂಕಿ 1,100 ಡಾಲರ್. ಅಂಗಡಿಗೆ ಕೊಡುವ ಮುಂಚೆ ಮೊಬೈಲಿನಲ್ಲಿ ತೆಗೆದಿದ್ದ ಆರು ಫೋಟೋಗಳನ್ನು ನೋಡಿ ಅದೇ ಮೌಲ್ಯಮಾಪಕ ಹೇಳಿದ ಹಳೆಯ ಸ್ಥಿತಿಯ ಬೆಲೆ ಸುಮಾರು 2,800.

ಇಂಥ ಹಲವು ಪಿಸ್ತೂಲುಗಳಿಗೆ ಆಗುವುದನ್ನು ಒಂದರಲ್ಲಿ ಕೂಡಿಸಿ ಬರೆದ ಮಾದರಿ ಪ್ರಕರಣ ಇದು. ಬೆಲೆಗಳು ಅಂದಾಜಿನವು, ವರ್ಷ ವರ್ಷಕ್ಕೆ ಏರಿಳಿಯುತ್ತವೆ. ಆದರೆ ಎರಡು ಬೆಲೆಗಳ ನಡುವಿನ ಅಂತರ ಅಷ್ಟಾಗಿ ಬದಲಾಗುವುದಿಲ್ಲ.

ಚಕ್ಕೆಯೇಳುವ ಕಪ್ಪು

1911ನ್ನು ರೂಪಿಸಿದವರು ಜಾನ್ ಬ್ರೌನಿಂಗ್. ಅಮೆರಿಕದ ಸೇನೆ ಅದನ್ನು 1911ರ ಮಾರ್ಚ್ 29ರಂದು ಒಪ್ಪಿಕೊಂಡಿತು. 1912ರಲ್ಲಿ ಬಂದ ಮೊದಲ ಪಿಸ್ತೂಲುಗಳ ಪಾಲಿಶ್ ಕನ್ನಡಿಯಂತಿತ್ತು, ಸಣ್ಣ ಭಾಗಗಳಿಗೆ ನವಿಲುಗರಿಯ ನೀಲಿ. ಬೇಗನೆ ಅದು ಸ್ವಲ್ಪ ಮಂಕಾದ, ಬ್ರಷ್ ಗೆರೆ ಕಾಣುವ ನೀಲಿಗೆ ಇಳಿಯಿತು. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಸೇನೆಗೆ ಬೇಕಾದ ಸಂಖ್ಯೆ ಎಷ್ಟು ಬೆಳೆಯಿತೆಂದರೆ 1918ರಲ್ಲಿ ಪಾಲಿಶ್ ಕೆಲಸವನ್ನೇ ಕಡಿತ ಮಾಡಿದರು. ಯಂತ್ರ ಕೊರೆದ ಗೆರೆಗಳು ಹಾಗೇ ಉಳಿದ ಒರಟು ಉಕ್ಕಿನ ಮೇಲೆ ಬಣ್ಣ ನೀಲಿಯಾಗಿ ಕಾಣದೆ ಕಪ್ಪಾಗಿ ಕಂಡಿತು. ಸಂಗ್ರಾಹಕರು ಈ ಗುಂಪನ್ನು 'ಬ್ಲ್ಯಾಕ್ ಆರ್ಮಿ' ಎಂದು ಕರೆಯುತ್ತಾರೆ.

ಈ ಕಪ್ಪಿಗೆ ಒಂದು ಸ್ವಭಾವವಿದೆ. ಮೇಲ್ಮೈ ತಯಾರಿ ಅವಸರದ್ದಾದ್ದರಿಂದ ಅದು ಉಕ್ಕನ್ನು ಗಟ್ಟಿಯಾಗಿ ಹಿಡಿದಿಲ್ಲ. ಬಳಸಿ ಬಳಸಿ ಸವೆದ ನೀಲಿ ಅಂಚಿನಿಂದ ಒಳಕ್ಕೆ ನಿಧಾನವಾಗಿ ತೆಳುವಾಗುತ್ತದೆ. ಬ್ಲ್ಯಾಕ್ ಆರ್ಮಿಯ ಕಪ್ಪು ಹಾಗಲ್ಲ, ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆಚಕ್ಕೆಯಾಗಿ ಬಿಡುತ್ತದೆ. ಒಂದು ಕಡೆ ಪೂರ್ತಿ ಕಪ್ಪು, ಪಕ್ಕದಲ್ಲೇ ಬರಿ ಉಕ್ಕು, ನಡುವೆ ಚೂಪಾದ ಗಡಿ. ಆ ಗಡಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪಿನ ಅಂಚು ಎಲ್ಲಿ ಮುರಿದಿದೆ ಎಂಬುದೂ ಕಾಣುತ್ತದೆ.

ವಾರಸುದಾರರ ಕಣ್ಣಿಗೆ ಹಾಳಾಗಿದೆ ಎಂದು ಕಂಡದ್ದು ಇದೇ. ಬಲ್ಲವನ ಕಣ್ಣಿಗೆ ಆ ಚಕ್ಕೆಗಳೇ ಪಿಸ್ತೂಲಿನ ಜನ್ಮಪತ್ರ. ಹಾರ್ಟ್‌ಫರ್ಡಿನಲ್ಲಿ, ಯುದ್ಧದ ಅವಸರದಲ್ಲಿ, ಆ ಕೆಲವೇ ತಿಂಗಳುಗಳಲ್ಲಿ ಆದ ಕೆಲಸ ಎಂಬುದಕ್ಕೆ ಅಷ್ಟು ಸುಲಭವಾಗಿ ನಕಲು ಮಾಡಲಾಗದ ಸಾಕ್ಷಿ. ಕಪ್ಪು 60 ಶೇಕಡಾ ಉಳಿದು 40 ಶೇಕಡಾ ಚಕ್ಕೆಯೆದ್ದ 1918ರ ಕೋಲ್ಟ್ ತನ್ನ ವಯಸ್ಸಿಗೆ ತಕ್ಕ, ಒಳ್ಳೆಯ ಪಿಸ್ತೂಲು.

ಅಂಗಡಿಯಲ್ಲಿ ನಡೆದ ಕೆಲಸ

ಅಂಗಡಿಯವನು ಮೋಸ ಮಾಡಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ, ತನ್ನ ಮಟ್ಟಿಗೆ ಚೊಕ್ಕಟವಾಗಿ ಮಾಡಿಕೊಟ್ಟ. ಬೇಟೆಯ ರೈಫಲಿಗೆ ಇದೇ ಕೆಲಸ ಮಾಡಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಏನಾಯಿತೆಂದು ತಿಳಿಯಲು ಹಂತ ಹಂತವಾಗಿ ನೋಡಬೇಕು.

ಬ್ಲೂಯಿಂಗ್, ಅಂದರೆ ಉಕ್ಕಿಗೆ ಈ ನೀಲಿ ಬರಿಸುವುದು, ಬಣ್ಣ ಬಳಿಯುವುದಲ್ಲ. ಉಕ್ಕಿನ ಮೇಲ್ಪದರವೇ ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಮಾರ್ಪಡುತ್ತದೆ. ಆ ಪದರದ ದಪ್ಪ ಒಂದೆರಡು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ಇಷ್ಟು ತೆಳು ಪದರ ಯಾವುದನ್ನೂ ಮುಚ್ಚುವುದಿಲ್ಲ. ಕೆಳಗಿನ ಉಕ್ಕು ಹೇಗಿದೆಯೋ ಮೇಲೆ ಹಾಗೇ ಕಾಣುತ್ತದೆ. ಹೊಳೆಯುವ ನೀಲಿ ಬೇಕಾದರೆ ಮೊದಲು ಹೊಳೆಯುವ ಉಕ್ಕು ಬೇಕು. ಪಾಲಿಶ್ ಕೆಲಸ ಬಂದದ್ದು ಅದಕ್ಕೇ.

ಪಿಸ್ತೂಲನ್ನು ಪೂರ್ತಿ ಬಿಚ್ಚಿ, ಜಿಡ್ಡು ತೆಗೆದು, ಹಳೆಯ ಕಪ್ಪನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಳಿಸಿದರು. ಕೆಲವೇ ನಿಮಿಷಗಳಲ್ಲಿ ನೂರು ವರ್ಷದ ಮೇಲ್ಮೈ ಹೋಯಿತು. ಇಲ್ಲಿಂದಾಚೆ ವಾಪಸ್ ಬರುವ ದಾರಿ ಇಲ್ಲ.

ನಂತರ ಬಲಬದಿಯ ತುಕ್ಕಿನ ಗುಳಿಗಳು. ಗುಳಿಯನ್ನು ತುಂಬಲಾಗುವುದಿಲ್ಲ. ಸುತ್ತಲಿನ ಉಕ್ಕನ್ನು ಗುಳಿಯ ತಳದವರೆಗೆ ಇಳಿಸಬೇಕು. ಗುಳಿ 0.1 ಮಿಲಿಮೀಟರ್ ಆಳವಿದ್ದರೆ ಆ ಬದಿಯ ಉಕ್ಕೆಲ್ಲ 0.1 ಮಿಲಿಮೀಟರ್ ಹೋಗಬೇಕು. ಒರೆಯ ತೇವ ತಗುಲಿದ ಬದಿಯಲ್ಲೇ, ಸ್ಲೈಡಿನ (ಹಿಂದೆ ಮುಂದೆ ಸರಿಯುವ ಮೇಲುಭಾಗದ) ಬಲಕ್ಕೆ, 'ಮಾಡೆಲ್ ಆಫ್ 1911. ಯು.ಎಸ್. ಆರ್ಮಿ' ಎಂಬ ಅಕ್ಷರ ಒತ್ತಿರುತ್ತದೆ. ಫ್ರೇಮಿನ, ಅಂದರೆ ಹಿಡಿಯಿರುವ ಕೆಳಭಾಗದ, ಬಲಬದಿಯಲ್ಲಿ ಕ್ರಮಸಂಖ್ಯೆ ಇರುತ್ತದೆ. ಅಂಗಡಿಯವನು 240 ನಂಬರಿನ ಉಜ್ಜುಕಾಗದದಿಂದ ಶುರುಮಾಡಿ 400ಕ್ಕೆ ಹೋಗಿ, ಕೊನೆಗೆ ಮೋಟಾರಿಗೆ ಕಟ್ಟಿದ ಬಟ್ಟೆಯ ಬಫಿಂಗ್ ಚಕ್ರಕ್ಕೆ ಹಿಡಿದ.

ಬಫಿಂಗ್ ಚಕ್ರ ಮೆತ್ತಗಿರುತ್ತದೆ, ಅಪಾಯ ಇರುವುದೂ ಅದರಲ್ಲೇ. ಗಟ್ಟಿ ಮರದ ತುಂಡಿಗೆ ಸುತ್ತಿದ ಉಜ್ಜುಕಾಗದ ಸಮತಲವನ್ನು ಸಮತಲವಾಗಿಯೇ ಇಡುತ್ತದೆ. ಮೆತ್ತನೆಯ ಬಟ್ಟೆ ರಂಧ್ರಕ್ಕೆ, ಅಕ್ಷರದ ಹಳ್ಳಕ್ಕೆ ಇಳಿದು, ಅಂಚನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಅಡಿಗೆಮನೆಗಳ ಪಾತ್ರೆಯಲ್ಲಿ ಇದನ್ನು ನೋಡಿರುತ್ತೀರಿ. ಮದುವೆಯಲ್ಲಿ ಹೆಸರು ಕೊರೆಸಿ ಕೊಟ್ಟ ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣು, ಬೂದಿ ಹಾಕಿ ವರ್ಷಗಟ್ಟಲೆ ತಿಕ್ಕಿದರೆ ಬಿಂದಿಗೆ ಫಳಫಳ ಅನ್ನುತ್ತದೆ, ಹೆಸರು ಮಾತ್ರ ಬೆರಳಿಗೂ ಸಿಗುವುದಿಲ್ಲ. ಚಕ್ರ ಆ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತದೆ.

ಕೊನೆಯದು ಬಿಸಿ ಉಪ್ಪಿನ ಸ್ನಾನ. ಸೋಡಿಯಂ ಹೈಡ್ರಾಕ್ಸೈಡ್ ಎರಡು ಪಾಲು, ಸೋಡಿಯಂ ನೈಟ್ರೇಟ್ ಸುಮಾರು ಒಂದು ಪಾಲು ನೀರಿನಲ್ಲಿ ಕರಗಿಸಿ 140ರಿಂದ 146 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸುತ್ತಾರೆ. ಭಾಗಗಳು ಅದರಲ್ಲಿ 15ರಿಂದ 30 ನಿಮಿಷ ಮುಳುಗಿರುತ್ತವೆ. ನೀರು ಆವಿಯಾದಂತೆ ದ್ರಾವಣ ಗಟ್ಟಿಯಾಗಿ ಶಾಖ ಏರುತ್ತದೆ, ಏರಿದರೆ ಬಣ್ಣ ಕೆಂಪು ತಿರುಗುತ್ತದೆ. ಇಳಿಸಲು ನೀರು ಸೇರಿಸಬೇಕು. ಒಮ್ಮೆಲೇ ಸುರಿದರೆ ಕುದಿಯುವ ಕಾಸ್ಟಿಕ್ ಮುಖಕ್ಕೆ ಚಿಮ್ಮುತ್ತದೆ, ಕಣ್ಣು ಹೋದರೆ ಹೋಯಿತು. ಮನೆಯ ಹಿತ್ತಲಲ್ಲಿ ಯಾರೂ ಮಾಡಬಾರದ ಕೆಲಸ ಇದು. ಹೊರತೆಗೆದ ಭಾಗಗಳನ್ನು ತಣ್ಣೀರಿನಲ್ಲಿ ತೊಳೆದು, ಸಂದಿನಲ್ಲಿ ಉಳಿದ ಉಪ್ಪು ಹೋಗಲು ಬಿಸಿನೀರಿನಲ್ಲಿ ಕುದಿಸಿ, ಎಣ್ಣೆಯಲ್ಲಿ ಅದ್ದುತ್ತಾರೆ. ತೊಳೆಯುವುದು ಅರೆಬರೆಯಾದರೆ ಕೆಲವು ವಾರಗಳಲ್ಲಿ ಸ್ಕ್ರೂ, ಪಿನ್ನುಗಳ ಸುತ್ತ ಬಿಳಿಯ ಉಪ್ಪು ಒಸರಿಕೊಂಡು ಬರುತ್ತದೆ.

ಈ ಉಪ್ಪಿನ ವಿಧಾನ ಅಮೆರಿಕದ ಬಂದೂಕು ಕೆಲಸದಲ್ಲಿ ಹರಡಿದ್ದು 1930ರ ದಶಕದ ನಂತರ. ಹಾರ್ಟ್‌ಫರ್ಡಿನ ಹಳೆಯ ನೀಲಿ ಬಂದದ್ದು ಗ್ಯಾಸ್ ಒಲೆಯ ಶಾಖದಿಂದ. ಎರಡರ ಬಣ್ಣವೂ ಬೇರೆ, ಬೆಳಕನ್ನು ಹಿಡಿಯುವ ರೀತಿಯೂ ಬೇರೆ. ಅಂದರೆ ಈಗ ಈ ಪಿಸ್ತೂಲಿನ ಮೈಮೇಲೆ 1918ರಲ್ಲಿ ಅಲ್ಲಿ ಬಳಸದ ವಿಧಾನದಿಂದ, 1918ರ ಸೇನೆಯ ಪಿಸ್ತೂಲಿಗೆ ಯಾರೂ ಕೊಡದ ಹೊಳಪು ಕೂತಿದೆ.

ಮೌಲ್ಯಮಾಪಕ ನೋಡಿದ್ದು

ಬೆಲೆ ಕಟ್ಟುವವನು ಮೊದಲು ಮಾಡಿದ್ದು ಪಿಸ್ತೂಲು ಖಾಲಿ ಇದೆಯೇ ಎಂದು ನೋಡುವುದು: ಮ್ಯಾಗಝೀನ್ (ಗುಂಡು ತುಂಬುವ ಡಬ್ಬಿ) ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಗುಂಡು ಕೂರುವ ಚೇಂಬರಿಗೆ ಕಣ್ಣೂ ಬೆರಳೂ ಹಾಕಿದ. ಆಮೇಲೆ ಅದನ್ನು ಉದ್ದನೆಯ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿದ. ಕಾರ್ಖಾನೆಯಿಂದ ಬಂದ ಸ್ಲೈಡಿನ ಬದಿ ಒರಟಾಗಿದ್ದರೂ ಸಮತಲ, ಬೆಳಕಿನ ಗೆರೆ ಅದರ ಮೇಲೆ ನೆಟ್ಟಗೆ ಸರಿಯುತ್ತದೆ. ಈ ಸ್ಲೈಡಿನ ಮೇಲೆ ಗೆರೆ ಹಾವಿನಂತೆ ಬಳುಕಿತು. ಅಕ್ಷರಗಳ ಹತ್ತಿರ ತಗ್ಗು, ಅದರಾಚೆ ಉಬ್ಬು, ಮೂತಿಯ ಹತ್ತಿರ ಮತ್ತೆ ತಗ್ಗು. ಅಲ್ಲಿಗೆ ಅರ್ಧ ತೀರ್ಪು ಆಯಿತು. ಮಿಕ್ಕದ್ದಕ್ಕೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕಾಯಿತು.

ಅಕ್ಷರ. ಉಳಿಯಚ್ಚು ಹೊಡೆದಾಗ ಉಕ್ಕು ಪಕ್ಕಕ್ಕೆ ಸರಿದು ಅಕ್ಷರದ ಅಂಚಿನಲ್ಲಿ ಕೂದಲೆಳೆಯಷ್ಟು ಏಣು ಏಳುತ್ತದೆ. ಪಾಲಿಶ್ ಕಾಣದ ಪಿಸ್ತೂಲಿನಲ್ಲಿ ಬೆರಳಿನ ತುದಿಗೆ ಅದು ಸಿಗುತ್ತದೆ. ಇಲ್ಲಿ ಏಣು ಇಲ್ಲ. ಎಡಬದಿಯ 'ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ'ಯ ಅಕ್ಷರಗಳು ಕಾಲುವೆಯ ಬದಲು ಬಟ್ಟಲಿನ ಹಾಗೆ ಮೊಂಡಾಗಿವೆ. ಪೇಟೆಂಟ್ ದಿನಾಂಕಗಳ ಸಾಲಿನಲ್ಲಿ ಪೂರ್ಣವಿರಾಮಗಳು ಎರಡು ಕಡೆ ಮಾಯ. ಕೋಲ್ಟಿನ ಗುರುತಾದ ಮುಂಗಾಲೆತ್ತಿದ ಕುದುರೆಯ ಕಾಲುಗಳು ಮಸುಕಾಗಿವೆ.

ತನಿಖಾಧಿಕಾರಿಯ ಗುರುತು. 1918ರಲ್ಲಿ ಕೋಲ್ಟ್ ಪಿಸ್ತೂಲುಗಳ ಮೇಲೆ ತನಿಖಾಧಿಕಾರಿಗಳ ಹೆಸರಿನ ಮೊದಲಕ್ಷರಗಳ ಮುದ್ರೆ ಹೋಗಿ, ಹದ್ದಿನ ತಲೆಯ ಸಣ್ಣ ಮುದ್ರೆ ಬಂತು. ಈ ಪಿಸ್ತೂಲಿನಲ್ಲಿ ಅದು ಎಡಬದಿಯಲ್ಲಿ, ಟ್ರಿಗರ್ ಗಾರ್ಡಿನ ಹತ್ತಿರ ಇತ್ತು. ಹಳೆಯ ಫೋಟೋದಲ್ಲಿ ಕೊಕ್ಕು, ಕಣ್ಣು, ಕೆಳಗಿನ ಅಂಕಿ ಎಲ್ಲ ಸ್ಪಷ್ಟ. ಈಗ ಅಲ್ಲಿರುವುದು ಕಾಳಿನಷ್ಟು ಒಂದು ಮಬ್ಬು ಕಲೆ. ಸೇನೆ ಈ ಪಿಸ್ತೂಲನ್ನು ಪರೀಕ್ಷಿಸಿ ತೆಗೆದುಕೊಂಡಿತು ಎಂದು ಹೇಳುತ್ತಿದ್ದ ಗುರುತು ಅದು.

ರಂಧ್ರಗಳ ಬಾಯಿ. ಫ್ರೇಮಿನ ಬಲಬದಿಯಲ್ಲಿ ಸ್ಲೈಡನ್ನು ತಡೆದು ನಿಲ್ಲಿಸುವ ಸ್ಲೈಡ್ ಸ್ಟಾಪಿನ ಪಿನ್ ಹೊರಬರುವ ತೂತಿನ ಬಾಯಿ ಚೂಪಾಗಿರಬೇಕು. ಬಟ್ಟೆ ಚಕ್ರ ಅದನ್ನು ಸಣ್ಣ ದೊನ್ನೆಯ ಆಕಾರಕ್ಕೆ ತಂದಿದೆ. ಪಿನ್ನಿನ ತುದಿ ಸುತ್ತಲಿನ ಉಕ್ಕಿಗಿಂತ ಮೇಲೆ ನಿಂತಿದೆ. ಇದನ್ನು ಯಾವ ಬಣ್ಣವೂ ಮುಚ್ಚಲಾರದು.

ಬಣ್ಣದ ಸುಳಿವುಗಳೂ ಇದ್ದವು. ಉಳಿದ ಸಣ್ಣ ಗುಳಿಗಳ ತಳದಲ್ಲೂ ಅದೇ ಹೊಸ ಕಪ್ಪು. ತುಕ್ಕು ಬಂದದ್ದು ಬಣ್ಣದ ನಂತರವಾದರೆ ಗುಳಿಯೊಳಗೆ ಬಣ್ಣ ಇರಲಾರದು. ಹಿಡಿಯ ಮರದ ಪಟ್ಟಿಗಳನ್ನು ಬಿಚ್ಚಿ ನೋಡಿದರೆ, ಅಲ್ಲಿ ಯಾವ ಕೈಯೂ ತಾಗದೆ ಉಳಿದಿರಬೇಕಾದ ಹಳೆಯ ಕಪ್ಪಿನ ಜಾಗದಲ್ಲೂ ಹೊರಗಿನದೇ ಬಣ್ಣ. ಹ್ಯಾಮರ್ ಮಾತ್ರ ಬೇರೆ: ಗಡಸುಗೊಳಿಸಿದ ಉಕ್ಕು ಉಪ್ಪಿನ ಸ್ನಾನದಲ್ಲಿ ಬೇರೆ ರೀತಿ ಬಣ್ಣ ತೆಗೆದುಕೊಂಡು, ನೇರಳೆ ಹಣ್ಣಿನ ಛಾಯೆಗೆ ತಿರುಗಿತ್ತು.

ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ಮ್ಯಾಗಝೀನ್. ಮೊದಲ ಮಹಾಯುದ್ಧದ ಕಾಲದ ಏಳು ಗುಂಡಿನ ಮ್ಯಾಗಝೀನಿಗೆ ಎರಡು ಬಣ್ಣ: ಗುಂಡುಗಳು ಉಜ್ಜಿಕೊಂಡು ಹೋಗುವ ಮೇಲುಭಾಗವನ್ನು ಗಡಸು ಮಾಡಲು ಶಾಖಕ್ಕೆ ಕೊಡುತ್ತಿದ್ದರಿಂದ ಅದು ಬೂದು ಬಿಳುಪು, ಕೆಳಭಾಗ ನೀಲಿ, ನಡುವೆ ಮೋಡದಂಥ ಗಡಿ. ಎರಡು ಬಣ್ಣದ ಒಳ್ಳೆಯ ಮ್ಯಾಗಝೀನಿಗೆ ಸಂಗ್ರಾಹಕರು ಪ್ರತ್ಯೇಕವಾಗಿ ಹಣ ಕೊಡುತ್ತಾರೆ. ಅಂಗಡಿಯವನು ಬಣ್ಣ ಅರ್ಧ ಹೋಗಿದೆ ಎಂದುಕೊಂಡು ಅದನ್ನೂ ಸ್ನಾನಕ್ಕೆ ಹಾಕಿ ಒಂದೇ ಕಪ್ಪು ಮಾಡಿಟ್ಟಿದ್ದ. ಯಾರೂ ಕೇಳದೆಯೇ ಆದ ನಷ್ಟ ಇದು.

ಉಳಿದುಕೊಂಡದ್ದೂ ಇದೆ. ಚಚ್ಚೌಕ ಗೆರೆಗಳ ನಡುವೆ ಸ್ಕ್ರೂ ಸುತ್ತ ವಜ್ರಾಕಾರ ಬಿಟ್ಟ ವಾಲ್‌ನಟ್ ಮರದ ಹಿಡಿಪಟ್ಟಿಗಳು ಆ ಕಾಲದವೇ. ಅಂಗಡಿಯವನು ಅವಕ್ಕೆ ವಾರ್ನಿಷ್ ಬಳಿಯದೆ ಬಿಟ್ಟದ್ದು ಪುಣ್ಯ. ಬ್ಯಾರಲ್ ಮೇಲಿನ ಪಿ ಮತ್ತು ಎಚ್ ಅಕ್ಷರಗಳು ಓದುವಂತಿವೆ, ಬ್ಯಾರಲ್ ಮೂಲದ್ದೇ. ಕ್ರಮಸಂಖ್ಯೆ ತೆಳುವಾಗಿದ್ದರೂ ಪೂರ್ತಿ ಓದಬಹುದು. ಇದು ಸಂಗ್ರಹದ ಮಾತಷ್ಟೇ ಅಲ್ಲ. ಕ್ರಮಸಂಖ್ಯೆ ಅಳಿಸಿದ ಬಂದೂಕನ್ನು ಇಟ್ಟುಕೊಳ್ಳುವುದು ಅಮೆರಿಕದಲ್ಲಿ ಒಕ್ಕೂಟ ಕಾನೂನಿನ ಪ್ರಕಾರ ಅಪರಾಧ. ಇನ್ನೊಂದು ಸುತ್ತು ಚಕ್ರಕ್ಕೆ ಹಿಡಿದಿದ್ದರೆ ವಿಷಯ ಬೆಲೆಯನ್ನು ದಾಟಿ ಹೋಗುತ್ತಿತ್ತು.

2,800ರಿಂದ 1,100ಕ್ಕೆ

ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಹಳೆಯ ಬಂದೂಕುಗಳಿಗೆ ಮಾಡಿಟ್ಟ ದರ್ಜೆಗಳನ್ನು ನೋಡಿದರೆ ಈ ಕುಸಿತ ಅರ್ಥವಾಗುತ್ತದೆ. ಮೂಲ ಹೊಳಪು 80 ಶೇಕಡಾಕ್ಕಿಂತ ಹೆಚ್ಚು ಉಳಿದಿದ್ದರೆ 'ಎಕ್ಸಲೆಂಟ್', 30ಕ್ಕಿಂತ ಹೆಚ್ಚಿದ್ದರೆ 'ಫೈನ್'. ಏನೂ ಉಳಿಯದೆಯೂ 30ರವರೆಗೆ ಇದ್ದು, ಉಕ್ಕು ನಯವಾಗಿ ಅಂಚುಗಳು ಚೂಪಾಗಿದ್ದರೆ 'ವೆರಿ ಗುಡ್'. ಉಜ್ಜಿದ ಅಥವಾ ಮತ್ತೆ ನೀಲಿ ಮಾಡಿದ ಬಂದೂಕಿನ ಮಾತು ಬರುವುದು ಅದಕ್ಕೂ ಕೆಳಗಿನ 'ಗುಡ್' ದರ್ಜೆಯಲ್ಲಿ.

ಇದನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಬಣ್ಣ ಪೂರ್ತಿ ಹೋಗಿ ಬರಿ ಉಕ್ಕಾದ, ಆದರೆ ಯಾರೂ ಕೈಹಾಕದ ಪಿಸ್ತೂಲು, ಹೊಸದಾಗಿ ನೂರಕ್ಕೆ ನೂರು ನೀಲಿ ಮಾಡಿದ ಪಿಸ್ತೂಲಿಗಿಂತ ಒಂದು ದರ್ಜೆ ಮೇಲೆ. ನಮ್ಮ ಪಿಸ್ತೂಲು 60 ಶೇಕಡಾದೊಂದಿಗೆ 'ಫೈನ್' ದರ್ಜೆಯಲ್ಲಿತ್ತು. ಮೂರು ವಾರದಲ್ಲಿ ಎರಡು ಮೆಟ್ಟಿಲು ಇಳಿಯಿತು.

ಕೆಳಗಿನ ಬೆಲೆಗೆ ಇನ್ನೊಂದು ಕಾರಣವೂ ಇದೆ. 2018ರಲ್ಲಿ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಅಮೆರಿಕದ ಸಂಸ್ಥೆ ಸೇನೆಯ ಉಗ್ರಾಣದಲ್ಲಿದ್ದ 1911ಗಳನ್ನು ಜನರಿಗೆ ಮಾರಲು ಶುರುಮಾಡಿದಾಗ ಮೊದಲ ಸುತ್ತಿನಲ್ಲಿ, ಸ್ಥಿತಿ ಇಳಿದಂತೆ, ಸರ್ವಿಸ್ ದರ್ಜೆಗೆ 1,050, ಫೀಲ್ಡ್ ದರ್ಜೆಗೆ 950, ರ್‍ಯಾಕ್ ದರ್ಜೆಗೆ 850 ಡಾಲರ್ ಇಟ್ಟಿತ್ತು. ಹೆಚ್ಚಿನವು ಬೇರೆ ಬೇರೆ ಪಿಸ್ತೂಲುಗಳ ಭಾಗ ಸೇರಿಸಿ ಸೇನೆಯೇ ದುರಸ್ತಿ ಮಾಡಿದವು. ಯುದ್ಧದ ಪಿಸ್ತೂಲು ಬೇಕು, ಮೂಲ ಹೊಳಪಿನ ಹಂಬಲ ಇಲ್ಲ ಎನ್ನುವವನಿಗೆ ಅಂಥದು ಸಾಕು. ಬಫಿಂಗ್ ಆದ ಕೋಲ್ಟ್ ಈಗ ಸ್ಪರ್ಧಿಸಬೇಕಾದ್ದು ಅವುಗಳ ಜೊತೆಗೆ. ಕೋಲ್ಟ್ ಕಂಪನಿಯೇ ಮೊದಲ ಮಹಾಯುದ್ಧದ ಮಾದರಿಯ ಪ್ರತಿಕೃತಿಗಳನ್ನು ಮಾಡಿ ಮಾರಿದೆ. ಹೊಸದರಂತೆ ಹೊಳೆಯುವ 1911 ಬೇಕಾದವನು ಅದನ್ನೇ ಕೊಳ್ಳುತ್ತಾನೆ.

ನಷ್ಟದ ಲೆಕ್ಕ 1,700, ಕೂಲಿ 250, ಒಟ್ಟು 1,950 ಡಾಲರ್. ನಮ್ಮ ಅಭಿಪ್ರಾಯದಲ್ಲಿ ಇದರ ದೊಡ್ಡ ಪಾಲು ಬಣ್ಣ ಬದಲಾದದ್ದಕ್ಕಲ್ಲ, ಉಕ್ಕು ಹೋದದ್ದಕ್ಕೆ. ಪಾಲಿಶ್ ಮಾಡದೆ ಬರೇ ಸ್ನಾನಕ್ಕೆ ಹಾಕಿದ್ದರೂ ಬೆಲೆ ಬೀಳುತ್ತಿತ್ತು, ಆದರೆ ಅಕ್ಷರ, ಅಂಚು, ಹದ್ದಿನ ತಲೆ ಉಳಿಯುತ್ತಿದ್ದವು. ಮುಂದೊಂದು ದಿನ ನುರಿತ ಕೈಗೆ ಕೆಲಸ ಮಾಡಲು ಏನಾದರೂ ಇರುತ್ತಿತ್ತು.

ಎಲ್ಲ ಮರುಹೊಳಪೂ ಒಂದೇ ಅಲ್ಲ

ಮರುಹೊಳಪು ಕಂಡ ಕೂಡಲೇ ಬೆಲೆ ಅರ್ಧ ಎನ್ನುವುದು ಅರೆತಿಳಿವಿನ ಮಾತು. ಸೇನೆ ತಾನೇ ಮಾಡಿಸಿದ ದುರಸ್ತಿಗೆ ಬೇರೆ ಲೆಕ್ಕ. ಎರಡನೇ ಮಹಾಯುದ್ಧದ ಹೊತ್ತಿಗೂ ನಂತರವೂ ಸಾವಿರಾರು ಹಳೆಯ 1911ಗಳನ್ನು ಶಸ್ತ್ರಾಗಾರಗಳಿಗೆ ಕಳಿಸಿ, ಸವೆದ ಭಾಗ ಬದಲಿಸಿ, ಪಾರ್ಕರೈಸಿಂಗ್ ಮಾಡಿದರು. ಅದು ಬ್ಲೂಯಿಂಗ್ ಅಲ್ಲ. ಮರಳು ಬೀಸಿ ಒರಟು ಮಾಡಿದ ಉಕ್ಕನ್ನು ಸುಮಾರು 90 ಡಿಗ್ರಿಯ ಫಾಸ್ಫೇಟ್ ದ್ರಾವಣದಲ್ಲಿ ಮುಳುಗಿಸಿ ಬರಿಸುವ ಬೂದು, ಎಣ್ಣೆ ಹೀರುವ ಪದರ. ಫ್ರೇಮಿನ ಮೇಲೆ ಎಎ ಎಂದಿದ್ದರೆ ಆಗಸ್ಟಾ ಶಸ್ತ್ರಾಗಾರ, ಆರ್‌ಐಎ ಎಂದಿದ್ದರೆ ರಾಕ್ ಐಲೆಂಡ್, ಎಸ್‌ಎ ಎಂದಿದ್ದರೆ ಸ್ಪ್ರಿಂಗ್‌ಫೀಲ್ಡ್. ಇಂಥ ಪಿಸ್ತೂಲು 1918ರ ಮೂಲ ಸ್ಥಿತಿಯದಕ್ಕಿಂತ ಕಡಿಮೆ ಬೆಲೆಯದ್ದು ನಿಜ. ಆದರೆ ಆ ಬೂದು ಬಣ್ಣವೂ ಅದರ ಸೇವೆಯ ದಾಖಲೆ. ಅದನ್ನು ಇಳಿಸಿ ಮೊದಲಿನಂತೆ ಕಪ್ಪು ಮಾಡಿಸುವವರು ಒಂದು ನಿಜವಾದ ಇತಿಹಾಸ ಅಳಿಸಿ ಸುಳ್ಳು ಇತಿಹಾಸ ಬರೆಸುತ್ತಾರೆ.

ಇನ್ನೊಂದು ಎಡವಟ್ಟು ತಿರುಗುಮುರುಗಾಗಿ ಆಗುತ್ತದೆ. ಎರಡನೇ ಮಹಾಯುದ್ಧದ ಪಿಸ್ತೂಲೆಂದರೆ ಬೂದಾಗಿರಬೇಕು ಎಂದು ಕೇಳಿ ತಿಳಿದವರು ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕಂಪನಿಯ ಕಪ್ಪು 1911ಎ1 (1911ರ ಸುಧಾರಿತ ರೂಪ) ಕಂಡು ಯಾರೋ ಮತ್ತೆ ನೀಲಿ ಮಾಡಿದ್ದಾರೆ ಎಂದು ಬಿಟ್ಟುಬಿಡುತ್ತಾರೆ. ಆ ಕಂಪನಿ ಮರಳು ಬೀಸಿದ ಉಕ್ಕಿನ ಮೇಲೆ ಡ್ಯೂಲೈಟ್ ಎಂಬ ಬಿಸಿ ಉಪ್ಪಿನ ನೀಲಿಯನ್ನೇ ಹಾಕುತ್ತಿತ್ತು. ಅಲ್ಲಿ ಕಪ್ಪೇ ಮೂಲ. ಯಾವ ವರ್ಷ, ಯಾವ ಕಾರ್ಖಾನೆ, ಆಗ ಅಲ್ಲಿ ಯಾವ ವಿಧಾನ ಎಂಬ ಮೂರು ಪ್ರಶ್ನೆ ಮುಗಿಯದೆ ಬಣ್ಣದ ಬಗ್ಗೆ ಮಾತಾಡಬಾರದು.

ಎರಡು ಸಂಜೆಯ ಕೆಲಸ

ಅಂಗಡಿಗೆ ಹೋಗುವ ಬದಲು ಆಗಬೇಕಿದ್ದ ಕೆಲಸಕ್ಕೆ ಮೂವತ್ತು ನಲವತ್ತು ಡಾಲರ್ ಸಾಮಾನು ಸಾಕಿತ್ತು: ತೆಳುವಾದ ಬಂದೂಕು ಎಣ್ಣೆ, ಹತ್ತಿಬಟ್ಟೆ, ನೈಲಾನ್ ಬ್ರಷ್, ಹಿತ್ತಾಳೆಯ ತೆಳು ಪಟ್ಟಿ, ಸಣ್ಣ ಡಬ್ಬಿ ಮೈಕ್ರೋಕ್ರಿಸ್ಟಲಿನ್ ಮೇಣ.

ಪಿಸ್ತೂಲು ಖಾಲಿ ಎಂದು ಖಚಿತ ಮಾಡಿಕೊಂಡು ಸ್ಲೈಡ್, ಬ್ಯಾರಲ್, ಸ್ಪ್ರಿಂಗ್ ಬೇರ್ಪಡಿಸಬೇಕು. ಸ್ಕ್ರೂ ಬಿಚ್ಚುವುದಾದರೆ ಅದರ ತಲೆಯ ಸೀಳಿಗೆ ಸರಿಯಾಗಿ ಕೂರುವ ಡ್ರೈವರ್ ಬೇಕು. ತಲೆ ಹರಿದ ಸ್ಕ್ರೂ ಕೂಡ ಬೆಲೆ ಇಳಿಸುತ್ತದೆ. ಇಡೀ ಮೈಗೆ ಎಣ್ಣೆ ಬಳಿದು ಒಂದು ರಾತ್ರಿ ಬಿಡಬೇಕು, ತುಕ್ಕು ಹಟಮಾರಿಯಾದರೆ ಎರಡು ಮೂರು ದಿನ. ಆಮೇಲೆ ಕೆಂಪು ತುಕ್ಕಿನ ಚುಕ್ಕೆಯನ್ನು ಮಾತ್ರ ಹಿತ್ತಾಳೆ ಪಟ್ಟಿಯ ಅಂಚಿನಿಂದ, ಎಣ್ಣೆ ಇರುವಾಗಲೇ, ಉಗುರಿನಿಂದ ಕೆರೆದ ಹಾಗೆ ಕೆರೆಯಬೇಕು. ಹಿತ್ತಾಳೆ ಸಡಿಲ ತುಕ್ಕನ್ನು ಎಬ್ಬಿಸುತ್ತದೆ, ಆದರೆ ಉಕ್ಕಿಗಿಂತ ಮೆದು, ಅದಕ್ಕೇ ಅದು. ಚಕ್ಕೆಯ ಅಂಚಿನ ಹತ್ತಿರ ಪಟ್ಟಿಯನ್ನು ಯಾವಾಗಲೂ ಕಪ್ಪಿನ ಕಡೆಯಿಂದ ಬರಿ ಉಕ್ಕಿನ ಕಡೆಗೆ ಎಳೆಯಬೇಕು. ತಿರುಗಿಸಿ ಎಳೆದರೆ ಅಂಚಿನ ಕೆಳಗೆ ಸಿಕ್ಕಿ ಇನ್ನೊಂದು ಚಕ್ಕೆ ಏಳುತ್ತದೆ. ಗುಳಿಯೊಳಗಿನ ಕಂದು ಹಾಗೇ ಇರಲಿ. ಕೆರೆತ ನಿಲ್ಲಿಸಬೇಕಾದ ಸಮಯ ಗೊತ್ತಾಗುವುದು ಬಟ್ಟೆಯಲ್ಲಿ: ಒರೆಸಿದಾಗ ಕೆಂಪು ಬರುವುದು ನಿಂತು ತಿಳಿ ಕಂದು ಮಾತ್ರ ಬಂದರೆ ಸಾಕು.

ಒರೆಸಿ ಒಣಗಿದ ಮೇಲೆ ಮೇಣವನ್ನು ಬೆರಳಿಗೆ ಸುತ್ತಿದ ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಕೆಲವು ನಿಮಿಷ ಬಿಟ್ಟು ಮೆಲ್ಲಗೆ ಉಜ್ಜಬೇಕು. ಮರದ ಹಿಡಿಗೆ ಒಣಬಟ್ಟೆ ಮತ್ತು ಮೃದು ಬ್ರಷ್ ಸಾಕು. ಸ್ಯಾಂಡ್‌ಪೇಪರ್ ಹತ್ತಿರವೂ ಬರಬಾರದು.

ಮಾಡಬಾರದ್ದು ಇನ್ನೂ ಇದೆ. ತುಕ್ಕು ತೆಗೆಯುವ ಫಾಸ್ಫಾರಿಕ್ ಆಮ್ಲದ ಜೆಲ್, ವಿನಿಗರ್ ಇವು ತುಕ್ಕಿನ ಜೊತೆ ಬ್ಲೂಯಿಂಗನ್ನೂ ತಿನ್ನುತ್ತವೆ. ಸಣ್ಣ ಬಾಟಲಿಯಲ್ಲಿ ಸಿಗುವ, ಬಿಸಿಮಾಡದೆ ಹಚ್ಚುವ ಕೋಲ್ಡ್ ಬ್ಲೂ ಚಕ್ಕೆಯೆದ್ದ ಜಾಗಕ್ಕೆ ಹಚ್ಚಿದರೆ ಬಣ್ಣ ಹೊಂದುವುದಿಲ್ಲ, ಬೇಗ ಸವೆಯುತ್ತದೆ, ಅದರ ವಾಸನೆಯೇ ತಿಂಗಳುಗಟ್ಟಲೆ ದೂರು ಹೇಳುತ್ತದೆ. ಮತ್ತು ಚರ್ಮದ ಒರೆ: ಒರೆ ಪಿಸ್ತೂಲಿನ ಜೊತೆಗಿರಲಿ, ಪಿಸ್ತೂಲು ಒರೆಯ ಒಳಗೆ ಬೇಡ. ಹದ ಮಾಡಿದ ಚರ್ಮದ ಆಮ್ಲ, ಉಪ್ಪು, ಅದು ಹೀರುವ ತೇವ ಸೇರಿ ಬಲಬದಿಯ ಗುಳಿಗಳನ್ನು ಮಾಡಿದ್ದು. 40ರಿಂದ 50 ಶೇಕಡಾ ಆರ್ದ್ರತೆ, ಸಿಲಿಕಾ ಜೆಲ್, ಆಗಾಗ ಒಂದು ಎಣ್ಣೆಬಟ್ಟೆ.

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಇಳಿಸಿ ಶುಚಿಮಾಡಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುವ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ: ಹಬ್ಬದ ಹಿಂದಿನ ದಿನ ಎಣ್ಣೆಬಟ್ಟೆ ಬರಲಿ, ಬ್ರಾಸೋ ಮತ್ತು ಉಜ್ಜುಕಾಗದ ಬೇಡ, ನಳಿಗೆಯ ಮೇಲಿನ ತಯಾರಕರ ಹೆಸರು ಹೋದರೆ ಮತ್ತೆ ಬರುವುದಿಲ್ಲ. ಶುಚಿ ಮಾಡುವುದನ್ನು ದಾಟಿ ದುರಸ್ತಿಗೆ ಕೊಡುವುದಾದರೆ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆ ವೃತ್ತಿ ನಡೆಸಲು ಪರವಾನಗಿ ಇರುವವರಿಗೇ ಕೊಡಬೇಕು.

ಈಗಿರುವ ದಾರಿಗಳು

ವಾರಸುದಾರರ ಮುಂದೆ ಮೂರು ದಾರಿಗಳಿದ್ದವು. ಒಂದು, ಹಳೆಯ ಕೋಲ್ಟ್‌ಗಳ ಪುನರುಜ್ಜೀವನವನ್ನೇ ಕಸುಬಾಗಿ ಮಾಡುವ ನುರಿತವರಿಗೆ ಕೊಡುವುದು. ಅವರು ಸಮತಲಗಳನ್ನು ಕೈಯಲ್ಲಿ ಸರಿಮಾಡಿ, ತಗ್ಗಾದಲ್ಲಿ ಬೆಸುಗೆ ತುಂಬಿ, ಅಕ್ಷರಗಳನ್ನು ಮತ್ತೆ ಕೊರೆದು, ಆ ಕಾಲದ ಹೊಳಪಿಗೆ ಹತ್ತಿರವಾದದ್ದನ್ನು ತರುತ್ತಾರೆ. ಖರ್ಚು ಪಿಸ್ತೂಲಿನ ಈಗಿನ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಆದ ಮೇಲೂ ಅದು ಪುನರುಜ್ಜೀವಿತ ಪಿಸ್ತೂಲೇ, ಮೂಲದ ಬೆಲೆ ಬರುವುದಿಲ್ಲ. ಮೇಲಾಗಿ, ಹದ್ದಿನ ತಲೆಯನ್ನು ಹೊಸ ಅಚ್ಚಿನಿಂದ ಹೊಡೆಸಿದ ಪಿಸ್ತೂಲು ಎರಡು ಕೈ ದಾಟಿದ ಮೇಲೆ ಮೂರನೆಯವನಿಗೆ ಮೂಲ ಎಂದೇ ಮಾರಾಟವಾಗುವ ಭಯ ಇದ್ದೇ ಇದೆ. ಎರಡು, ಹೊಳಪನ್ನು ಕೆದಕಿ ಹಳೆಯದರಂತೆ ಮಾಡುವುದು. ಇದು ನಕಲಿ ಕೆಲಸ, ಇದನ್ನು ದಾರಿ ಎಂದು ಹೇಳಲೂಬಾರದು. ಮೂರು, ಹೀಗೇ ಬಿಟ್ಟು ದಾಖಲೆ ಸೇರಿಸುವುದು.

ಮೂರನೆಯದನ್ನು ಆರಿಸಿಕೊಂಡರು, ಸರಿಯಾದದ್ದೂ ಅದೇ. ಕೋಲ್ಟ್ ಕಂಪನಿಯ ದಾಖಲೆ ವಿಭಾಗದಿಂದ ಕ್ರಮಸಂಖ್ಯೆಯ ಮೇಲೆ, ಪಿಸ್ತೂಲು ಕಾರ್ಖಾನೆಯಿಂದ ಯಾವ ದಿನ ಎಲ್ಲಿಗೆ ಹೋಯಿತೆಂಬ ಪತ್ರಕ್ಕೆ ಅರ್ಜಿ ಹಾಕಿದರು. ಮುತ್ತಜ್ಜನ ಸೇನಾ ಬಿಡುಗಡೆ ಪತ್ರದ ಪ್ರತಿ, ಒರೆ, ಆರು ಫೋಟೋಗಳ ಮುದ್ರಿತ ಪ್ರತಿ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದರು. ಜೊತೆಗೆ ಒಂದು ಹಾಳೆ: ಯಾವ ವರ್ಷ, ಯಾವ ವಿಧಾನದಿಂದ ಮರುಹೊಳಪು ಮಾಡಿಸಲಾಯಿತು, ಯಾವ ಭಾಗಗಳು ಮೂಲ, ಮ್ಯಾಗಝೀನ್ ಮೊದಲು ಎರಡು ಬಣ್ಣದ್ದಾಗಿತ್ತು ಎಂಬ ವಿವರ, ಸಹಿ ಸಮೇತ. ಈಗ ಹದ್ದಿನ ತಲೆ ಸ್ಪಷ್ಟವಾಗಿ ಕಾಣುವುದು ಆ ಆರರಲ್ಲಿ ನಾಲ್ಕನೆಯ ಫೋಟೋದಲ್ಲಿ ಮಾತ್ರ. ಅದರ ಹಿಂಬದಿಯಲ್ಲಿ ಕ್ರಮಸಂಖ್ಯೆ ಬರೆದು ಇಟ್ಟಿದ್ದಾರೆ.